ಅಟ್ಟದ ಹಲಗೆಯ ರಾಜ್ಯ

ಗರಗಸ ಮೇಜಿನ ಕಾಲಿಗೆ ಎರಡು ಬೆರಳಷ್ಟು ಇಳಿದು ಅಲ್ಲೇ ಕಚ್ಚಿಕೊಂಡಿತು. ಕರಿಬಸವಯ್ಯ ಅದನ್ನು ಬಿಸಾಕಿ, "ಥೂ, ಇದರ ಮನೆ ಹಾಳಾಗ! ಸತ್ತ ತಮ್ಮನ್ನ ಒಳಗೆ ಕೂರಿಸೋಕೂ ಜಾಗ ಇಲ್ವಲ್ಲ" ಎಂದ.

ನಡುಮನೆ ತುಂಬ ಆ ದರಿದ್ರ ಮೇಜೇ. ತೀರಿಕೊಂಡ ಏಕಾಂತಯ್ಯನನ್ನು ಜಗಲಿಯ ಬಿಸಿಲಲ್ಲಿ ಗೋಡೆಗೊರಗಿಸಿ ಕೂರಿಸಿದ್ದರು. ಹಣೆಯ ವಿಭೂತಿಯ ಮೇಲೆ ನೊಣ. ಹೆಂಡತಿ ಸಿದ್ದಗಂಗಮ್ಮ ಸೆರಗು ಬೀಸಿ ಓಡಿಸುತ್ತಿದ್ದಳು. ಗಂಡ ಒಂದು ಗಳಿಗೆಯಾದರೂ ನಡುಮನೆಯಲ್ಲಿ ಮರ್ಯಾದೆಯಾಗಿ ಕೂತು ಹೋಗಲಿ ಎಂಬುದೊಂದೇ ಅವಳ ಆಸೆ.

"ಮೇಜನ್ನ ಹೊರಕ್ಕೆ ಎತ್ತಿ ಹಾಕ್ರೋ," ಎಂದಳು.

"ಬಾಗ್ಲಲ್ಲಿ ಹೋಗಕಿಲ್ಲ ಕಣಮ್ಮ," ದರ್ಜಿ ಖುದ್ದೂಸ್ ತಲೆ ತಗ್ಗಿಸಿದ. "ಒಳಗೇ ಕೂತು ಮಾಡಿದ್ದು. ಬಾಗ್ಲು ಅಳೀಲಿಲ್ಲ."

"ಊರೋರ ಮೈಯೆಲ್ಲ ಅಳೀತೀಯ, ಒಂದು ಬಾಗ್ಲು ಅಳೀಲಿಲ್ವ?"

ಏಕಾಂತಯ್ಯ ಜಗಲಿಯಿಂದಲೇ ತೋಟದ ಗುಣಿಗೆ ಹೋದ.

* * *

ಒಂಬತ್ತು ವರ್ಷದ ಹಿಂದೆ, ಎಪ್ಪತ್ತನಾಲ್ಕರಲ್ಲಿ, ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ತೂಗುತ್ತಿದ್ದ ಏಕಾಂತಯ್ಯನಿಗೆ ಈ ರಾಜ್ಯದಾಟದ ಹುಚ್ಚು ಹಿಡಿದದ್ದು. ಭಾನುವಾರ ಬಂದರೆ ಆಟದಲ್ಲಿ ಖುದ್ದೂಸ್ ಪಾಳೇಗಾರ, ಗಾಡಿ ಹೊಡೆಯುವ ದುರ್ಗಯ್ಯ ರಾಣಿ, ತಾನು ಬೇಹುಗಾರ. ಕವಡೆ ಬಿದ್ದ ಹಾಗೆ ಕತೆ ನಡೆಯಬೇಕು. ಖುದ್ದೂಸನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ರಾಜ್ಯ ಬೆಳೆದು, ಮೇಜು ಸಾಲದಾಯಿತು. ಏಕಾಂತಯ್ಯ ಕಾಯಿ ಒಣಗಿಸುವ ಅಟ್ಟದ ಹಲಗೆಯನ್ನೇ ಕಿತ್ತು ನಡುಮನೆಯಲ್ಲೇ ದೊಡ್ಡ ಮೇಜು ಮಾಡಿದ. ಆ ವರ್ಷದ ಕಾಯೆಲ್ಲ ನೆಲದಲ್ಲೇ ಕೊಳೆತು ಮನೆ ಗಬ್ಬು ನಾರಿತು.

"ಬಾರೇ, ಕೋಟೆ ಬಾಗ್ಲು ಕಾಯೋಳು ಒಬ್ಳು ಬೇಕು," ಎಂದು ಹೆಂಡತಿಯನ್ನು ಕರೆದ.

"ಥೂ! ನಿಮ್ಮ ಬೀಡಿ ತುಂಡು, ಎಲೆಅಡಿಕೆ ಉಗುಳು ಬಳಿಯೋಳು ನಾನು. ಅಷ್ಟೇ ಸಾಕು."

"ಬುಡು," ಎಂದು ಹೊಸ ಮೇಜಿನ ಮೇಲೆ ಬಣ್ಣದಲ್ಲಿ ಬರೆದ ಕೋಟೆಯ ಬಾಗಿಲಲ್ಲಿ ಒಂದು ಹುಣಸೆ ಬೀಜ ಇಟ್ಟ. "ನಿನ್ನ ಕಾಯಿ ಇಲ್ಲೇ ಇರ್ತದೆ."

* * *

ಗುಣಿ ಮುಚ್ಚಿ ಬಂದವರಿಗೆ ಪಕ್ಕದ ಮನೆಯಿಂದ ಅನ್ನ ಸಾರು ಬಂತು. ಹಸಿದ ನೆಂಟರಿಗೆ ಎಲ್ಲಿಯ ನಾಚಿಕೆ! ಕರಿಬಸವಯ್ಯ ಎಲ್ಲರಿಗಿಂತ ಮೊದಲು ಮೇಜಿನ ಮೇಲೆ ಎಲೆ ಹಾಕಿಕೊಂಡ. ಉಗುರಿನಲ್ಲಿ ತಮ್ಮನ ಗುಣಿಯ ಮಣ್ಣು ಹಾಗೇ ಇತ್ತು.

"ಪರವಾಗಿಲ್ಲ ಕಣ್ಲಾ, ಹದಿನಾರು ಎಲೆ ಹಿಡೀತದೆ. ಇಂಥದ್ದು ನಮ್ಮನೇಲಿ ಇರ್ಬೇಕಾಗಿತ್ತು."

ಸಾರು ಎಲೆ ದಾಟಿ ಕೋಟೆಯ ಮೇಲೆ ಹರಿಯಿತು. ಸಿದ್ದಗಂಗಮ್ಮ ಬಂದು ಎದುರಿಗೆ ನಿಂತಳು.

"ಏಳಿ ಬಾವ."

"ಏನಮ್ಮಾ?"

"ಏಳಿ ಅಂದೆ. ನನ್ನ ಗಂಡನ್ನ ಕೂರಿಸೋಕೆ ಇಲ್ದಿದ್ದ ಜಾಗ ನಿಮ್ಮ ಹೊಟ್ಟೆಗೆ ಎಲ್ಲಿಂದ ಬಂತು?"

ಎಲೆಗಳನ್ನೆಲ್ಲ ಅವಳೇ ಎಳೆದು ಅಂಗಳಕ್ಕೆ ಎಸೆದಳು. ನೆಂಟರು ಗೊಣಗುತ್ತಾ ಎದ್ದು ಹೋದರು. ಖುದ್ದೂಸ್, ದುರ್ಗಯ್ಯ ಮಾತ್ರ ಹೊಸ್ತಿಲಾಚೆ ನಿಂತೇ ಇದ್ದರು. ಅವಳು ಸೆರಗಿನಿಂದ ಸಾರು ಒರೆಸಿದಳು. ಅನ್ನದಗುಳಿನಲ್ಲಿ ಅಂಟಿದ್ದ ಹುಣಸೆ ಬೀಜ ಸಿಕ್ಕಿತು.

"ಎಲೆಅಡಿಕೆ ಆಚೆಗೆ ಉಗಿದು ಒಳಗೆ ಬನ್ನಿ," ಎಂದು ಆ ಇಬ್ಬರಿಗೂ ಹೇಳಿದಳು. ಬೀಜವನ್ನು ಉಜ್ಜಿ ಒರೆಸಿ ಕೋಟೆಯ ಬಾಗಿಲಿಗೆ ಇಟ್ಟಳು.