ಬಿಸಿ ಗಾಳಿ ಕುಡಿದ ವ್ಯಾನು

ನನ್ನ ತಂಗಿಯ ಗಂಡನಿಗೆ ಪಂಡಿತ ಅಂತ ಹೆಸರಿಟ್ಟವನು ನಾನೇ. ಇಂಜಿನ್ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿಲ್ಲ. ಎಲ್ಲವನ್ನೂ ಮೊಬೈಲಿನಲ್ಲಿ, ಅದೂ ಮಂಚದ ಮೇಲೆ ಅಂಗಾತ ಬಿದ್ದುಕೊಂಡು ಕಲಿತದ್ದು. ಇಪ್ಪತ್ತಾರು ವರ್ಷ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡ ನನಗೆ ಅವನು ಊಟದ ನಡುವೆ ಪಿಸ್ಟನ್ ಪಾಠ ಹೇಳುತ್ತಾನೆ.

ತಂಗಿ ಬಾಡಿಗೆ ವ್ಯಾನು ಓಡಿಸುತ್ತಾಳೆ. ಸಂಸಾರ ನಡೆಯುವುದು ಅದರಿಂದಲೇ. ಪಂಡಿತನ ಜ್ಞಾನದಿಂದ ಒಂದು ದಿನವೂ ಒಲೆ ಹತ್ತಿಲ್ಲ. ಗುಡ್ಡದ ಮೇಲಿನ ಆಸ್ಪತ್ರೆಯವರು ಕೆಳಗಿನ ಬಸ್ ನಿಲ್ದಾಣದಿಂದ ರೋಗಿಗಳನ್ನು ಕರೆತರಲು ಖಾಯಂ ವ್ಯಾನು ಹುಡುಕುತ್ತಿದ್ದರು. ಷರತ್ತು ಒಂದೇ: ಎಂಟು ಜನರನ್ನು ಕೂರಿಸಿಕೊಂಡು, ನಡುಮಧ್ಯಾಹ್ನ, ಹದಿನಾಲ್ಕು ನಿಮಿಷದೊಳಗೆ ಗುಡ್ಡ ಹತ್ತಬೇಕು. ತಂಗಿ ಮೊದಲೇ ಒಮ್ಮೆ ನನಗೆ ಹದಿಮೂರರಲ್ಲಿ ಹತ್ತಿ ತೋರಿಸಿದ್ದಳು. ಆ ಕೆಲಸ ಸಿಕ್ಕಿದರೆ ಸ್ಟ್ಯಾಂಡಿನಲ್ಲಿ ದಿನವಿಡೀ ಗಿರಾಕಿಗೆ ಕಾಯುವುದು ಅವಳಿಗೆ ತಪ್ಪುತ್ತಿತ್ತು.

ಆಸ್ಪತ್ರೆಯವರ ಪರೀಕ್ಷೆಗೆ ಎರಡು ದಿನ ಮುಂಚೆ ಬೆಳಗ್ಗೆ ಅವರ ಮನೆಗೆ ಹೋದರೆ ಪಂಡಿತ ಬಾನೆಟ್ ಎತ್ತಿಕೊಂಡು ನಿಂತಿದ್ದ.

"ಬನ್ನಿ ಭಾವ. ಕಂಪನಿಯವರು ಇಂಜಿನ್‌ಗೆ ಉಸಿರು ಕಟ್ಟಿಸಿಟ್ಟಿದ್ರು. ನಾನು ಬಿಡಿಸಿದೀನಿ."

ಮುಂದಿನ ಜಾಲರಿಯಿಂದ ಇಂಜಿನ್ನಿಗೆ ತಣ್ಣನೆಯ ಗಾಳಿ ತರುತ್ತಿದ್ದ ಕರಿ ಪೈಪು ಮೆಟ್ಟಿಲ ಪಕ್ಕ ಬಿದ್ದಿತ್ತು. ಅದರ ಬದಲು ಒಳಗೆ ಫಳಫಳ ಹೊಳೆಯುವ ಗಾಳಿ ಫಿಲ್ಟರೊಂದು ಬಾಯಿ ತೆರೆದು ಕೂತಿತ್ತು, ಕಾದು ಕೆಂಡವಾಗುವ ಹೊಗೆ ಕೊಳವೆಯಿಂದ ಒಂದೇ ಗೇಣು ದೂರದಲ್ಲಿ. ಇದಕ್ಕಿಂತ ಬಿಸಿ ಜಾಗ ಬೇಕಿದ್ದರೆ ಇಂಜಿನ್ನಿನ ಒಳಗೇ ಹೋಗಬೇಕಿತ್ತು.

ಪಂಡಿತ ಇಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಕೇಬಲ್ ಎಳೆದು ರೇಸ್ ಮಾಡಿದ. ವ್ಯಾನು ಗರ್ಜಿಸಿತು. ಬೆಳಗಿನ ತಂಪಿನಲ್ಲಿ, ಬಾನೆಟ್ ತೆರೆದಿಟ್ಟು, ನಿಂತಲ್ಲೇ ಗರ್ಜಿಸದೆ ಇನ್ನೇನು ಮಾಡೀತು? ಅರೆಬರೆ ಮೆಕ್ಯಾನಿಕ್‌ಗಳೆಲ್ಲ ಹೀಗೇ ಬೀಗುವುದು. ಬಾನೆಟ್ ಮುಚ್ಚಿ ಬಿಸಿಲಲ್ಲಿ ಏರು ಹತ್ತಿಸಿದಾಗ ಆ ಫಿಲ್ಟರು ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಬಿಸಿ ಗಾಳಿ ತೆಳು. ಪೆಟ್ರೋಲು ಉರಿಯಲು ಬೇಕಾದ ಆಮ್ಲಜನಕ ಅದರಲ್ಲಿ ಕಡಿಮೆ, ಎಳೆತವೂ ಕಡಿಮೆ. ಸದ್ದು ಮಾತ್ರ ಜೋರು, ನಮ್ಮ ಪಂಡಿತನ ಹಾಗೆ.

"ಹೇಗಿದೆ ಭಾವ?"

"ನೋಡೋಣ" ಅಂದೆ.

ಪೈಪು ವಾಪಸ್ ಹಾಕುವುದು ಹತ್ತು ನಿಮಿಷದ ಕೆಲಸ. ಹೇಳಲಿಲ್ಲ. ಹತ್ತು ಜನರ ಮುಂದೆ ಅವನಿಗೆ ಮುಖಭಂಗ ಆಗಬೇಕು ಅನ್ನುವ ಆಸೆ ನನ್ನ ಬಾಯಿ ಕಟ್ಟಿಹಾಕಿತ್ತು. ತಂಗಿಗೆ ಒಂದು ನಿಮಿಷ ಕೈಯಲ್ಲಿದೆ, ಹೇಗೋ ದಾಟಿಕೊಳ್ಳುತ್ತಾಳೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪರೀಕ್ಷೆಯ ದಿನ ಆಸ್ಪತ್ರೆಯ ಗೇಟಿನಲ್ಲಿ ಉಸ್ತುವಾರಿಯವನ ಜೊತೆ ನಿಂತು ಕಾದೆ. ವ್ಯಾನು ಕೊನೆಯ ತಿರುವಿನಲ್ಲಿ ಮೊದಲ ಗೇರಿನಲ್ಲಿ ಏದುಸಿರು ಬಿಡುತ್ತಾ ಬಂತು. ಹದಿನೈದು ನಿಮಿಷ, ಇಪ್ಪತ್ತು ಸೆಕೆಂಡು.

"ಆಗಲ್ಲಮ್ಮ" ಅಂದ ಉಸ್ತುವಾರಿಯವನು, ಮುಂದಿನ ವ್ಯಾನಿಗೆ ಕೈ ಬೀಸಿದ.

ತಂಗಿ ಸ್ಟಿಯರಿಂಗ್ ಬಿಡದೆ ಕೂತೇ ಇದ್ದಳು. ಎಂಟರಲ್ಲಿ ಒಬ್ಬನಾಗಿ ಪಂಡಿತ ಪಕ್ಕದ ಸೀಟಿನಲ್ಲಿದ್ದ. ನಾನು ಬಾನೆಟ್ ಎತ್ತಿದೆ. ಒಳಗೊಳಗೇ ಹಾಲು ಕುಡಿದಷ್ಟು ಖುಷಿ.

"ಇಳೀರಿ ಪಂಡಿತರೇ, ಫಿಲ್ಟರ್ ಮುಟ್ಟಿ ನೋಡಿ."

ಅವನು ಮುಟ್ಟಿ ಚುರುಕ್ಕನೆ ಕೈ ತೆಗೆದ. ನಾನು ಪಾಠ ಶುರು ಮಾಡಿದೆ: ಕಿತ್ತೆಸೆದ ಪೈಪು, ಬಿಸಿ ಗಾಳಿ, ತೆಳು ಗಾಳಿ, ಬಾನೆಟ್ ತೆರೆದು ಪರೀಕ್ಷೆ ಮಾಡುವ ಮೂಢತನ. ಉಳಿದ ಏಳು ಜನ ಪ್ರಯಾಣಿಕರೂ ಸುತ್ತ ನಿಂತು ಕೇಳಿದರು. ಅವನ ತಲೆ ತಗ್ಗುತ್ತಾ ಹೋಯಿತು, ನನ್ನ ದನಿ ಏರುತ್ತಾ ಹೋಯಿತು.

"ತಪ್ಪಾಯ್ತು ಭಾವ. ನಂಗೆ ಗೊತ್ತಾಗ್ಲಿಲ್ಲ."

"ನಿಮಗೆಲ್ಲಿ ಗೊತ್ತಾಗ್ಬೇಕು? ಮೊನ್ನೆ ಕಣ್ಣಿಗೆ ಬಿದ್ದ ಕೂಡ್ಲೇ ನಾನು ಅಂದ್ಕೊಂಡೆ, ಇದು ಗುಡ್ಡ ಹತ್ತೋ ಗಾಡಿ ಅಲ್ಲ ಅಂತ."

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ತಂಗಿ ಇಳಿದು ಬಂದಳು.

"ಮೊನ್ನೇನೇ ಗೊತ್ತಿತ್ತಾ ಅಣ್ಣ?"

ನಾನು ಬಾನೆಟ್ಟಿನ ಕಡೆ ತಿರುಗಿದೆ. ಅವಳು ಗಂಡನ ಸುಟ್ಟ ಬೆರಳು ಹಿಡಿದು ನೋಡಿ, ನೀರಿನ ಬಾಟಲಿ ಕೊಟ್ಟಳು.

"ಇವರಿಗೆ ಗೊತ್ತಿರ್ಲಿಲ್ಲ. ಆ ಪೈಪು ಹೇಗೆ ಹಾಕೋದು ಅಂತ ಇವರಿಗೆ ಹೇಳ್ಕೊಡು, ಇವರೇ ಹಾಕ್ತಾರೆ. ನೀನಿನ್ನು ನನ್ನ ಗಾಡಿ ಮುಟ್ಬೇಡ."

ನಾನು ಹೇಳಿಕೊಟ್ಟೆ. ಪಂಡಿತ ಪ್ರತಿ ಮಾತಿಗೂ ಹೂಂ ಅನ್ನುತ್ತಾ, ಗೌರವದಿಂದ ಕೇಳಿಸಿಕೊಂಡ. ತಂಗಿ ಮಾತ್ರ ನನ್ನ ಕಡೆ ನೋಡಲಿಲ್ಲ.