ಪರದೆಯವರೆಗಿನ ಅಳತೆ

"ಹನ್ನೆರಡು ಅಡಿ," ಎಂದು ತಮ್ಮ ಆ ಕಡೆಯಿಂದ ಕೂಗಿದ.

ಟೇಪಿನ ಈ ತುದಿಯನ್ನು ಅಕ್ಕ ಮೆಟ್ಟಿಲ ಪಕ್ಕದ ಗೋಡೆಗೆ ಒತ್ತಿ ಹಿಡಿದಿದ್ದಳು. ನಲವತ್ತು ವರ್ಷ ಜನರ ಮೈ ಅಳೆದು ಬಟ್ಟೆ ಹೊಲಿದವಳು. ಅವನ ಕಡೆಯ ತುದಿ ಗೋಡೆಗೆ ತಾಗಿ ನಿಂತರೆ ಟೇಪಿನಲ್ಲಿ ಒಂದು ಬಿಗಿ ಬರುತ್ತದೆ, ಬಟ್ಟೆಗೆ ತಾಗಿ ನಿಂತರೆ ಬರುವುದಿಲ್ಲ. ಈಗ ಬಂದಿರಲಿಲ್ಲ. ತಮ್ಮ ಪರದೆಯ ಹತ್ತಿರವೇ ನಿಂತುಬಿಟ್ಟಿದ್ದ. ಪರದೆಯ ಆಚೆ ಇನ್ನೂ ಏಳು ಅಡಿ ನೆಲಮಾಳಿಗೆ ಇತ್ತು. ಅಲ್ಲಿ ಅವಳ ಮಂಚ, ಟ್ರಂಕು, ಹೊಲಿಗೆ ಯಂತ್ರ.

"ಪೂರ್ತಿ ಅಳೆದ್ಯೇನೋ?"

"ಅಳೆದೆ ಕಣೇ. ಸಾಮಾನಿರೋದು ಇಷ್ಟರಲ್ಲೇ ತಾನೇ?"

ಅವಳು ಬೆರಳು ಬಿಟ್ಟಳು. ಟೇಪು ಸರ್ರನೆ ಅವನ ಕೈಗೆ ಸುತ್ತಿಕೊಂಡು ಹೋಯಿತು.

ಅವಳ ಅಂಗಡಿ ಇದ್ದ ಕಟ್ಟಡ ಒಡೆದಾಗ, ಬೇರೆ ಜಾಗ ಸಿಗುವವರೆಗೆ ಒಂದೆರಡು ತಿಂಗಳು ಎಂದು ತಮ್ಮನ ಮನೆಯ ಈ ನೆಲಮಾಳಿಗೆಗೆ ಬಂದಿದ್ದಳು. ಅದಾಗಿ ಒಂಬತ್ತು ವರ್ಷ. ಮರ್ಯಾದೆಗೆ ಇರಲಿ ಎಂದು ಎರಡು ಪದರದ ದಪ್ಪ ಪರದೆಯನ್ನು, ನೆಲಕ್ಕೆ ಒಂದು ಬೆರಳೂ ಸಂದಿಲ್ಲದ ಹಾಗೆ, ತಾನೇ ಹೊಲಿದು ಹಾಕಿಕೊಂಡಿದ್ದಳು. ಗೋಡೆ ವರ್ಷವಿಡೀ ಬೆವರುತ್ತಿತ್ತು. ಸೂಜಿಗಳು ತುಕ್ಕು ಹಿಡಿಯದಿರಲೆಂದು ಅವನ್ನು ಎಣ್ಣೆಯ ಡಬ್ಬಿಯಲ್ಲಿಟ್ಟಿದ್ದಳು. ತನ್ನ ಎದೆಯನ್ನು ಇಡುವುದಕ್ಕೆ ಅಂಥ ಡಬ್ಬಿ ಇರಲಿಲ್ಲ. ಕೆಮ್ಮು ಎಂದಾಗಲೆಲ್ಲ ತಮ್ಮ, "ಕಿಟಕಿ ತೆಗೆದಿಡೇ," ಎನ್ನುತ್ತಿದ್ದ. ಗೇಣುದ್ದದ ಕಿಟಕಿ ಅದು. ತೆಗೆದರೆ ಬೀದಿಯಲ್ಲಿ ಹೋಗುವವರ ಚಪ್ಪಲಿ ಕಾಣಿಸುತ್ತಿತ್ತು.

ಅಳತೆಯ ಹಿಂದಿನ ದಿನ ತಮ್ಮ ನೆಲಮಾಳಿಗೆಯಲ್ಲಿಟ್ಟಿದ್ದ ತನ್ನ ಪೆಟ್ಟಿಗೆಗಳನ್ನು ತೆಗೆದು ನೋಡಿದ. ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನ ನೆಗೆಟಿವ್‌ಗಳು, ಆಲ್ಬಮ್ಮುಗಳು ಎಲ್ಲ ಅದರಲ್ಲಿದ್ದವು. ಮೇಲಿನ ಪೆಟ್ಟಿಗೆಯಲ್ಲೇ ಹಿಟ್ಟು ಉದುರಿಸಿದ ಹಾಗೆ ಬಿಳಿ ಬೂಷ್ಟು. ಅವನು ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. ಅವನ ಹೆಂಡತಿ ಓಡಿಬಂದು, "ನಾಳೆನೇ ಹೋಗಿ ತೇವ ಹೀರೋ ಮಷೀನು ತರೋಣ," ಎಂದಳು. ಅಕ್ಕ ಹತ್ತಿ ತಂದು ಒಂದೊಂದೇ ಚಿತ್ರ ಒರೆಸಿಕೊಟ್ಟಳು. ಅವಳಿಗೆ ಮುಖಗಳ ನೆನಪಿರಲಿಲ್ಲ, ಬಟ್ಟೆಗಳ ನೆನಪಿತ್ತು. ಆ ಕಾಲರು ತನ್ನದು, ಈ ತೋಳು ತನ್ನದು. ಅರ್ಧ ಊರು ಅವಳ ಹೊಲಿಗೆಯಲ್ಲೇ ಅವನ ಮುಂದೆ ಹೋಗಿ ನಿಂತಿತ್ತು. ಅವಳದೇ ಒಂದು ಚಿತ್ರ ಇದ್ದೀತೆಂದು ತಳದವರೆಗೂ ನೋಡಿದಳು. ಇರಲಿಲ್ಲ.

ಅಳತೆ ಮುಗಿದ ಮೇಲೆ, ಮಷೀನು ಹೊತ್ತು ತರಲು ಇನ್ನೊಂದು ಕೈ ಬೇಕೆಂದು ಅವಳನ್ನೂ ಕರೆದುಕೊಂಡು ಹೋದರು.

ಅಂಗಡಿಯವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದ. "ನೋಡಿ ಸಾರ್, ಈ ಚಿಕ್ಕದು ದಿನಕ್ಕೆ ಹತ್ತು ಲೀಟರ್ ನೀರು ಎಳೆಯತ್ತೆ. ಆ ದೊಡ್ಡದು ಇಪ್ಪತ್ತು. ಜಾಗ ಎಷ್ಟಿದೆ?"

"ಉದ್ದ ಹನ್ನೆರಡಡಿ, ಅಗಲ ಹನ್ನೊಂದು."

"ಯಾರಾದ್ರೂ ಮಲಗ್ತಾರಾ ಅಲ್ಲಿ? ಮಲಗೋರಿದ್ರೆ ದೊಡ್ಡದೇ ತಗೊಳ್ಳಿ. ಉಸಿರಲ್ಲೂ ತೇವ ಇರತ್ತೆ ನೋಡಿ. ಅಲ್ದೆ ಈ ಚಿಕ್ಕದು ಲಾರಿ ಥರ ಗುರ್ ಅನ್ನತ್ತೆ, ನಿದ್ದೆ ಬರಲ್ಲ."

ಅಕ್ಕ ತಮ್ಮನ ಮುಖ ನೋಡಿದಳು. ಅವನು ದೊಡ್ಡದರ ಮೇಲಿದ್ದ ಬೆಲೆಯ ಚೀಟಿ ನೋಡುತ್ತಿದ್ದ.

"ಯಾರೂ ಮಲಗಲ್ಲ. ಬರೀ ಸಾಮಾನು," ಎಂದ.

"ಹಾಗಾದ್ರೆ ಇದೇ ಸಾಕು. ಆದ್ರೆ ಒಂದು, ನೀರಿನ ಡಬ್ಬಿ ತುಂಬಿದ ಕೂಡ್ಲೇ ನಿಂತ್ಹೋಗತ್ತೆ. ದಿನಕ್ಕೆರಡು ಸಲ ಯಾರಾದ್ರೂ ಖಾಲಿ ಮಾಡ್ಬೇಕು."

"ಅದಕ್ಕೇನು, ನಮ್ಮಕ್ಕ ಇದ್ದಾಳಲ್ಲ."

"ಹೂಂ ಕಣಪ್ಪ," ಎಂದಳು ಅಕ್ಕ, ಅಂಗಡಿಯವನಿಗೆ. "ಖಾಲಿ ಮಾಡೋಕೆ ಇದ್ದೀನಿ. ಮಲಗೋಕೆ ಇಲ್ಲ."

ಅಂಗಡಿಯವನು ತಮಾಷೆಯೆಂದು ನಕ್ಕ. ಬೇರೆ ಯಾರೂ ನಗದಿರುವುದನ್ನು ನೋಡಿ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

"ಅಂಗಡಿ ಮುಚ್ಚಿದ್ರೂ ಅತ್ತಿಗೆ ಕತ್ತರಿ ಮೊಂಡಾಗಿಲ್ಲ," ಎಂದಳು ತಮ್ಮನ ಹೆಂಡತಿ.

ಚಿಕ್ಕದನ್ನೇ ತಂದರು. ಪರದೆಗೆ ಬೆನ್ನು ಮಾಡಿ, ಪೆಟ್ಟಿಗೆಗಳಿಗೆ ಮುಖ ಮಾಡಿ ಅದನ್ನು ಕೂರಿಸಿದರು. ಗಾಳಿಯಲ್ಲಿ ತೇವ ಎಷ್ಟಿದೆಯೆಂದು ಅದರ ನೆತ್ತಿಯ ಮೇಲೆ ಕೆಂಪು ಅಂಕಿ ಉರಿಯುತ್ತಿತ್ತು. ಮೊದಲ ದಿನ ಎಂಬತ್ತೆರಡು, ನಾಲ್ಕನೆಯ ದಿನಕ್ಕೆ ಐವತ್ತು. ತಮ್ಮ ದಿನಾ ಬೆಳಿಗ್ಗೆ ಇಳಿದುಬಂದು, ಮಗುವಿನ ಜ್ವರ ನೋಡುವವನ ಹಾಗೆ ಬಗ್ಗಿ ನೋಡಿ, ಹಿಗ್ಗಿ ಹತ್ತಿ ಹೋಗುತ್ತಿದ್ದ. ಪೆಟ್ಟಿಗೆಗಳು ಗರಿಗರಿಯಾದವು. ಪರದೆ ದಾಟಿ ಅವಳ ಕಡೆಗೆ ಗುರ್ ಎನ್ನುವ ಸದ್ದು ಮಾತ್ರ ಬಂತು. ಮಂಚದ ಪಕ್ಕದ ಗೋಡೆ ಬೆವರುವುದನ್ನು ಬಿಡಲಿಲ್ಲ.

ಐದನೆಯ ದಿನ ಮಧ್ಯಾಹ್ನ ಅಕ್ಕ ಸ್ಟೂಲು ಹತ್ತಿ ಪರದೆಯ ಹದಿನಾರು ಕೊಕ್ಕೆಗಳನ್ನೂ ಬಿಡಿಸಿದಳು. ಪರದೆ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಮಂಚದಲ್ಲಿ ಕೂತಳು. ಬೆಚ್ಚನೆಯ ಒಣ ಗಾಳಿ ಮೆಲ್ಲಗೆ ಅವಳ ಪಾದಕ್ಕೆ ತಾಗಿತು. ಆಮೇಲೆ ಮೊಣಕಾಲಿಗೆ. ಆ ಹೊತ್ತು ಅವಳು ಕೆಮ್ಮಲಿಲ್ಲ.

ಸಂಜೆ ತಮ್ಮ ಇಳಿದುಬಂದಾಗ ಅಂಕಿ ಅರವತ್ತೇಳಕ್ಕೆ ಹೋಗಿತ್ತು. ಅವನು ಮಷೀನಿನ ಪಕ್ಕೆಗೆ ಎರಡು ಏಟು ಹೊಡೆದ.

"ಇಷ್ಟು ಬೇಗ ಕೆಟ್ಟೋಯ್ತಾ ಇದು?"

"ಕೆಟ್ಟಿಲ್ಲ ಕಣೋ," ಎಂದಳು ಅಕ್ಕ. "ಅಳತೆ ತಪ್ಪಿದೆ."

ಅವನು ತಿರುಗಿದ. ಬರಿಯ ಕಂಬಿ ನೋಡಿದ, ಮಂಚ ನೋಡಿದ, ಗೋಡೆಯ ಮೇಲೆ ಅವಳ ತಲೆಯೆತ್ತರಕ್ಕೆ ಹಬ್ಬಿದ ಕಪ್ಪು ಕಲೆ ನೋಡಿದ. ಅವಳು ಕಾದಳು.

"ಪರದೆ ಕೊಡು ಇಲ್ಲಿ," ಎಂದ.

ಅವಳ ತೊಡೆಯ ಮೇಲಿಂದ ತಾನೇ ತೆಗೆದುಕೊಂಡ. ಚಪ್ಪಲಿ ಕಾಲಲ್ಲೇ ಮಂಚ ಹತ್ತಿ ನಿಂತು ಕೊಕ್ಕೆಗಳನ್ನು ಒಂದೊಂದಾಗಿ ಸಿಕ್ಕಿಸತೊಡಗಿದ. ಕೊನೆಯ ಕೊಕ್ಕೆಯ ಹತ್ತಿರ ಪರದೆಯ ಮಡಿಕೆ ಸೊಟ್ಟಗಾಯಿತು. ಅವಳು ಕೈ ಚಾಚಿ, ಕೈಗೆ ಬಂದ ಅಭ್ಯಾಸಕ್ಕೆ, ಅದನ್ನು ನೇರ ಮಾಡಿದಳು.

ಆ ಕಡೆ ಮಷೀನು ಟಕ್ಕೆಂದು ನಿಂತಿತು. ಡಬ್ಬಿ ತುಂಬಿತ್ತು.

ಅವಳು ಹೋಗಿ ಡಬ್ಬಿ ಎಳೆದಳು, ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಅಂಚಿನವರೆಗೂ ನೀರಿತ್ತು. ಒಂದು ಹನಿಯೂ ತುಳುಕಲಿಲ್ಲ.