ಬೆಂಕಿಗೆ ಮಣಿಯದ ಉಪ್ಪು

ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದ ವರ್ಷಗಳವು. ಚಿತ್ತಾಪುರದ ಹಕೀಮ ಅಬ್ದುಲ್ ಮಜೀದರ ಔಷಧದ ಕಪಾಟಿನಲ್ಲಿ ಸೀಸದ ಪುಟ್ಟ ಡಬ್ಬಿಯೊಂದಿತ್ತು. ಅದರೊಳಗೆ ಬಾಯಿ ಕರಗಿಸಿ ಮುಚ್ಚಿದ ಗಾಜಿನ ನಳಿಗೆ. ನಿಜಾಮರ ಕಾಲದಲ್ಲಿ ಹೈದರಾಬಾದಿನ ಡಾಕ್ಟರರೊಬ್ಬರ ಬಳಿ ಕಂಪೌಂಡರ್ ಆಗಿದ್ದ ಅವರ ತಂದೆಗೆ, ದವಾಖಾನೆ ಮುಚ್ಚುವಾಗ ದೊರೆತ ಕಾಣಿಕೆ ಅದು. ಒಳಗಿನ ಚಿಟಿಕೆ ಉಪ್ಪು ಒಂದು ಕಾಲಕ್ಕೆ ಬೆಳ್ಳಗಿದ್ದು ಈಗ ಹಳದಿಗೆ ತಿರುಗಿತ್ತು. ಅದನ್ನು ಹೊತ್ತ ಗಾಜು ತಾನೂ ನೇರಳೆ ಬಣ್ಣಕ್ಕೆ ಬಂದಿತ್ತು. ಕತ್ತಲೆಯಲ್ಲಿ ನೋಡಿದರೆ ಎಣ್ಣೆಬತ್ತಿಗಳ ಹಂಗಿಲ್ಲದೆ ಮಂದವಾದ ನೀಲಿ ಬೆಳಕು. ಚೀಟಿಯ ಮೇಲೆ 'ರೇಡಿಯಂ ಕ್ಲೋರೈಡ್' ಎಂದು ಬರೆದಿತ್ತು.

ಹಕೀಮರ ಹೆಂಡತಿ ಮಾಸುಮಬಿಯ ಕೊರಳಲ್ಲಿ ಗಂಟೊಂದು ಎದ್ದು, ಯಾವ ಲೇಪಕ್ಕೂ ಕರಗದೆ ಬೆಳೆಯುತ್ತಿತ್ತು. ನಳಿಗೆಯನ್ನು ಒಡೆದು, ಉಪ್ಪಿಗೆ ಬೆಂಕಿ ಕೊಟ್ಟು ಕುಷ್ತಾ, ಎಂದರೆ ಭಸ್ಮ, ಮಾಡಿ ಜೇನಿನಲ್ಲಿ ತಿನ್ನಿಸುವುದೆಂದು, ಇಂಥ ಗಂಟಿಗೆ ಇದೇ ಮದ್ದೆಂದು ತಂದೆಯಿಂದ ಕೇಳಿದ್ದ ಹಕೀಮರು ನಿಶ್ಚಯಿಸಿದರು. ಅಂಗಳದಲ್ಲಿ ಅವರು ಕುಳ್ಳು ಒಟ್ಟುತ್ತಿದ್ದುದನ್ನು ಕಂಡು, ಅದೇ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹೈಸ್ಕೂಲಿನ ವಿಜ್ಞಾನದ ಶಿಕ್ಷಕಿ ದ್ರೌಪದಿ ಕಾರಣ ಕೇಳಿದಳು. ತಿಳಿದೊಡನೆ ಕುಳ್ಳಿನ ರಾಶಿಗೆ ಅಡ್ಡ ಬಂದು ನಿಂತಳು.

"ಹಕೀಮ್ ಸಾಹೇಬ್ರ, ಆ ನಳಿಗಿ ಒಡೀಬ್ಯಾಡ್ರಿ. ಅದು ಒಳಗ ಹೋದ್ರ ಎಲುಬಿನ್ಯಾಗ ಕುಂತು ಜೀವ ತಿಂತದ."

"ವಿಷ ಅದ ಅಂತ ನನಗೂ ಗೊತ್ತದರಿ ಅಕ್ಕೋರ. ಪಾದರಸ ವಿಷ ಅಲ್ಲೇನು? ಬೆಂಕಿ ಕೊಟ್ಟು ಕೊಂದ ಮ್ಯಾಲ ಅದೇ ದವಾ ಆಗ್ತದ."

"ಇದು ಬೆಂಕಿಗೆ ಸಾಯಾಂಗಿಲ್ರಿ."

"ಬೆಂಕಿಗೆ ಸಾಯಲಾರದ್ದು ಅಲ್ಲಾಹ್ ಏನೂ ಹುಟ್ಟಿಸಿಲ್ಲ."

ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಮಾಸುಮಬಿ ಮೊರ ಕೆಳಗಿಟ್ಟಳು. "ನನ್ನ ಕೊಳ್ಳಿನ ಗಂಟಿನ ಸಲುವಾಗಿ ಇಬ್ರೂ ಕುಸ್ತಿಗಿ ನಿಂತೀರಿ. ನುಂಗಾಕಿ ನಾನು. ನನ್ನ ಕೇಳೋರು ಒಬ್ರೂ ಇಲ್ಲ!"

ಕೊಡ್ಲಿ ಊರಿನ ಆಯುರ್ವೇದ ವೈದ್ಯರ ಮಗಳಾದ ದ್ರೌಪದಿಗೆ ಹಕೀಮರ ಮಾತು ಹಾಸ್ಯಾಸ್ಪದವೆನಿಸಲಿಲ್ಲ. ಶೋಧನ, ಮಾರಣ ಎಂಬ ಸಂಸ್ಕಾರಗಳಿಂದ ಲೋಹದ ಉಗ್ರತೆಯನ್ನು ಕಳೆಯುವ ವಿದ್ಯೆಯನ್ನು ಅವಳು ತಂದೆಯ ಬಳಿ ಕಂಡವಳು. ಆ ವಿದ್ಯೆಯ ಶ್ರದ್ಧೆಯನ್ನು ಅವಮಾನಿಸದೆ ಅದರ ಎಲ್ಲೆಯನ್ನಷ್ಟೇ ತೋರಿಸಬೇಕಿತ್ತು. ಆದ್ದರಿಂದ ಹೀಗೆ ವಿವರಿಸಿದಳು: ಈ ಉಪ್ಪಿನಲ್ಲಿ ಲೋಹವೂ ಕ್ಲೋರಿನ್ನೂ ಕೂಡಿ ಬಾಳುತ್ತಿವೆ. ನೀರು, ಆಮ್ಲ, ಬೆಂಕಿ ಇವು ಆ ಸಹವಾಸವನ್ನು ಬಿಡಿಸಬಲ್ಲವು, ಬೇರೆ ಜೊತೆಯನ್ನು ಕೂಡಿಸಬಲ್ಲವು. ಆದರೆ ಈ ತೇಜಸ್ಸು ಸಹವಾಸದಿಂದ ಬಂದುದಲ್ಲ; ಲೋಹದ ಪರಮಾಣುವಿನ ಗರ್ಭದಲ್ಲಿಯೇ ಹುಟ್ಟುತ್ತಿದೆ. ಅಲ್ಲಿಯವರೆಗೆ ಯಾವ ಕುಳ್ಳಿನ ಬೆಂಕಿಯೂ ಮುಟ್ಟದು.

"ಮಾತು ಚಲೋ ಅದ. ಕಣ್ಣಿಗಿ ತೋರಸ್ರಿ," ಎಂದರು ಹಕೀಮರು.

"ತೋರಸ್ತೀನಿ. ಇದೇ ಥರ ಕಿರಣ ಬಿಡೋ ಇನ್ನೊಂದು ಲೋಹ ಅದ, ಥೋರಿಯಂ. ಇದಕ್ಕಿಂತ ಭಾಳ ಸೌಮ್ಯ. ಗ್ಯಾಸ್‌ಬತ್ತಿ ಮ್ಯಾಂಟಲಿನ್ಯಾಗ ಇರ್ತದ. ಅದರದೇ ಕ್ಲೋರೈಡ್ ಮಾಡಿ ಕೊಡ್ತೀನಿ. ನೀವು ನಿಮ್ಮ ಕೈಲೆ ಬೆಂಕಿ ಕೊಡ್ರಿ. ಅದು ಸತ್ತರ ನಾ ಸುಮ್ಮನಾಗ್ತೀನಿ. ಸಾಯದಿದ್ರ ಮಾಸುಮಬಿ ಖಾಲಾನ ಹೈದರಾಬಾದ್ ದವಾಖಾನಿಗಿ ಒಯ್ಯಬೇಕು."

ಮಾಸುಮಬಿ ಎದ್ದು ನಿಂತಳು. "ಈಕಿ ಪರೀಕ್ಷಾ ಮುಗಿಯೋತನ ನಾ ಬಾಯಿ ತೆರಿಯಾಂಗಿಲ್ಲ."

"ನೀ ಬಾಯಿ ಮುಚ್ಚತೀ ಅಂದ್ರ ನನ್ನ ಅರ್ಧಾ ರೋಗ ಅಲ್ಲೇ ವಾಸಿ," ಎಂದು ಹಕೀಮರು ಒಪ್ಪಿದರು.

ದ್ರೌಪದಿ ಹೊಸ ಮ್ಯಾಂಟಲುಗಳನ್ನು ನೀರಿನಲ್ಲಿ ನೆನೆಹಾಕಿ ಅವುಗಳಲ್ಲಿದ್ದ ಲವಣವನ್ನು ಇಳಿಸಿದಳು. ಆ ನೀರಿಗೆ ಅಮೋನಿಯಾ ಬೀಳುತ್ತಲೇ ಗಂಜಿಯಂಥ ಬಿಳಿಯ ಗಸಿ ನಿಂತಿತು. ಅದನ್ನು ಸೋಸಿ ತೊಳೆದು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಹದವಾದ ಶಾಖದಲ್ಲಿ ಒಣಗಿಸಿದಾಗ ಥೋರಿಯಂ ಕ್ಲೋರೈಡ್ ಉಳಿಯಿತು. ಗಾಳಿಗೆ ತುಸು ತೆರೆದಿಟ್ಟರೂ ತೇವ ಎಳೆದುಕೊಂಡು ಬೆವರುವ ಉಪ್ಪು ಅದು. ಸ್ವಲ್ಪವನ್ನು ಬುಡ್ಡಿಯಲ್ಲಿ ಭದ್ರವಾಗಿ ಮುಚ್ಚಿಟ್ಟು, ಮಿಕ್ಕಿದ್ದನ್ನು ಹಕೀಮರ ಮುಂದಿಟ್ಟಳು.

ಹಕೀಮರು ಕೈಕಾಲು ಮುಖ ತೊಳೆದು ವುಜೂ ಮಾಡಿ, ಬಿಸ್ಮಿಲ್ಲಾ ಎಂದು ಉಪ್ಪನ್ನು ಎರಡು ಮಣ್ಣಿನ ಪರಟೆಗಳ ನಡುವೆ ಇರಿಸಿದರು; ಅಂಚಿಗೆ ಬಟ್ಟೆ ಸುತ್ತಿ, ಮಣ್ಣು ಮೆತ್ತಿ, ಕುಳ್ಳಿನ ಕುಣಿಯಲ್ಲಿ ಹೂತು ಬೆಂಕಿಯಿಟ್ಟರು. ಮೆತ್ತಿದ ಮಣ್ಣಿನ ಬಿರುಕಿನಿಂದ ಆಮ್ಲದ ಘಾಟು ಎದ್ದು ಎಲ್ಲರೂ ಕೆಮ್ಮಿದರು. ಉಪ್ಪಿನೊಳಗಿನ ಕ್ಲೋರಿನ್, ಅದು ಹೀರಿದ್ದ ನೀರಿನೊಡನೆ ಬೆರೆತು ಆಮ್ಲದ ಹಬೆಯಾಗಿ ಹೊರಬೀಳುತ್ತಿತ್ತು. ಪರಟೆ ತಣಿದ ಮೇಲೆ ಮತ್ತೊಮ್ಮೆ, ಮಗುದೊಮ್ಮೆ ಬೆಂಕಿಯಾಯಿತು. ಕಡೆಗೆ ಉಳಿದದ್ದು ಹಿಟ್ಟಿನಂಥ ಬಿಳಿ ಬೂದಿ. ಹಕೀಮರು ಅದನ್ನು ನೀರಿಗೆ ಉದುರಿಸಿದರು; ಪೂರ್ತಿ ಸತ್ತ ಭಸ್ಮ ನೀರಿನ ಮೇಲೆ ತೇಲಬೇಕೆಂಬುದು ಅವರ ವಿದ್ಯೆಯ ಪರೀಕ್ಷೆ. ಹಿಂದೆ ನೀರು ಕಂಡೊಡನೆ ಕರಗುತ್ತಿದ್ದುದು ಈಗ ಮೇಲೆಯೇ ತೇಲಿತು.

"ನೋಡ್ರಿ! ನೀರಿಗಿ ಕರಗವಲ್ದು, ಗಾಳಿಗಿ ಬೆವರವಲ್ದು. ಸತ್ತದ, ಅಕ್ಕೋರ, ಪೂರಾ ಸತ್ತದ."

"ಉಪ್ಪು ಸತ್ತದರಿ. ಲೋಹ ಸತ್ತದೋ ಇಲ್ಲೋ ಕೇಳೋಣ. ಅದರ ಕಿರಣ ಕಪ್ಪು ಕಾಗದ ದಾಟಿ ಫಿಲ್ಮ್ ಕರ್ರಗ ಮಾಡಿದ್ರ ಇನ್ನೂ ಜೀವ ಅದ ಅಂತ ತಿಳೀರಿ."

ಕಪ್ಪು ಕಾಗದದಲ್ಲಿ ಸುತ್ತಿದ ಮೂರು ಫೋಟೋ ಫಿಲ್ಮುಗಳ ಮೇಲೆ ಅವಳು ಮೂರು ಪೊಟ್ಟಣಗಳನ್ನು ಇಟ್ಟಳು: ಒಂದರಲ್ಲಿ ಬೇಯಿಸದ ಕ್ಲೋರೈಡ್, ಒಂದರಲ್ಲಿ ಹಕೀಮರ ಬೂದಿ, ಇನ್ನೊಂದರಲ್ಲಿ ಅದೇ ಕುಣಿಯಲ್ಲಿ ಸುಟ್ಟ ಅಡುಗೆ ಉಪ್ಪು. ಮೂರನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಹಕೀಮರಿಗೇ ಕೊಟ್ಟಳು.

ಕಾಯುವ ದಿನಗಳು ಅವಳಿಗೆ ಕಠಿಣವಾದವು. ಮಾಸುಮಬಿಗೆ ರೊಟ್ಟಿ ನುಂಗುವುದು ಕಷ್ಟವಾಗತೊಡಗಿತು. ಅಂಬಲಿ ಕುಡಿಯುವಾಗಲೂ ಕಣ್ಣಲ್ಲಿ ನೀರು. ಈ ವಿಳಂಬ ತನ್ನಿಂದಲೇ ಆದದ್ದೆಂದು ದ್ರೌಪದಿಗೆ ಗೊತ್ತಿತ್ತು. ಈಗಲೇ ಹೈದರಾಬಾದಿಗೆ ಹೊರಡಿರೆಂದು ಬೇಡಿಕೊಂಡಳು, ಹಕೀಮರು ಕೇಳಲಿಲ್ಲ. ದೃಢತೆಯಿಲ್ಲದ ಕಡೆ ದಯೆಯೂ ನಿಷ್ಫಲವೆಂದು ಮನಸ್ಸನ್ನು ಬಿಗಿಹಿಡಿದು, ಪ್ರತಿ ಪ್ರಾತಃಕಾಲ ದೇವರ ಮುಂದೆ ಆ ಒಂದು ಕೊರಳಿಗಾಗಿ ಕೈಮುಗಿದಳು.

ಎರಡು ವಾರ ಕಳೆದ ಮೇಲೆ ಹಕೀಮರು, ದ್ರೌಪದಿ ಇಬ್ಬರೂ ಫಿಲ್ಮುಗಳನ್ನು ಹತ್ತಿರದ ವಾಡಿ ಊರಿನ ಖಂಡಪ್ಪನ ಫೋಟೋ ಸ್ಟುಡಿಯೋಕ್ಕೆ ಒಯ್ದರು. ಖಂಡಪ್ಪ ಕತ್ತಲಕೋಣೆಯಿಂದ ಹೊರಬಂದು, "ಅಕ್ಕೋರ, ಕಣ್ಣು ಮೂಗು ಇಲ್ಲದ ಫೋಟೋ ತೊಳದದ್ದು ಇದೇ ಮೊದ್ಲರಿ," ಎಂದು ಒದ್ದೆ ಫಿಲ್ಮುಗಳನ್ನು ಬಾಗಿಲ ಬೆಳಕಿಗೆ ಹಿಡಿದ. ಅಡುಗೆ ಉಪ್ಪಿನದು ತಿಳಿಯಾಗಿತ್ತು. ಕ್ಲೋರೈಡಿನದರಲ್ಲಿ ಕರಿಯ ಮಚ್ಚೆ. ಹಕೀಮರ ಬೂದಿಯದರಲ್ಲಿಯೂ ಕರಿಯ ಮಚ್ಚೆ.

ಹಕೀಮರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಇನ್ನೊಮ್ಮೆ ಬೆಂಕಿ ಕೊಟ್ಟರ?"

"ಕೊಡ್ರಿ, ನಾ ತಡಿಯಾಂಗಿಲ್ಲ. ಫಿಲ್ಮ್ ಮತ್ತ ಕರ್ರಗೇ ಆಗ್ತದ. ಆದ್ರ ಖಾಲಾನ ಕೊಳ್ಳು ಅಷ್ಟು ದಿನ ಕಾಯ್ತದೇನ್ರಿ?"

ಅವರು ಬೆಂಚಿನ ಮೇಲೆ ಕುಳಿತರು. ಕನ್ನಡಕ ಕಳಚಿ ಕೈಯಲ್ಲಿ ಹಿಡಿದು ನುಡಿದರು: "ಜೀವ ಉಳದ ಕುಷ್ತಾ ಯಾರ ಬಾಯಿಗೂ ಹಾಕಾಂಗಿಲ್ಲ ಅಂತ ವಿದ್ಯಾ ಕಲಿಸಿದ ಉಸ್ತಾದ್ರು ನನ್ನ ಕಡಿಂದ ಆಣಿ ಕಸಂ ತಗೊಂಡಿದ್ರು. ಇದರ ಜೀವ ಹೋಗಿಲ್ಲ." ಎದ್ದು ಟೋಪಿ ಸರಿಪಡಿಸಿಕೊಂಡರು. "ಹೈದರಾಬಾದ್ ಗಾಡಿ ನಾಳಿ ಮುಂಜಾನಿ ಎಷ್ಟಕ್ಕ ಅದ, ಕೇಳ್ರಿ."

ಸೀಸದ ಡಬ್ಬಿಯನ್ನು ತಹಸೀಲ್ದಾರರ ಮೂಲಕ ಅಣುಶಕ್ತಿ ಇಲಾಖೆಗೆ ಒಪ್ಪಿಸುವ ಹೊಣೆಯನ್ನು ದ್ರೌಪದಿ ಹೊತ್ತಳು. ಮರುದಿನ ಚಿತ್ತಾಪುರದ ಸ್ಟೇಷನ್ನಿನಲ್ಲಿ ಮಾಸುಮಬಿ ಕಿಟಕಿಯ ಬಳಿ ಕುಳಿತಾಗ ದ್ರೌಪದಿ ಹಕೀಮರಿಗೆ ಕಡೆಯ ಮಾತನ್ನೂ ಹೇಳಿದಳು: "ದವಾಖಾನ್ಯಾಗ ಇದೇ ರೇಡಿಯಂ ಇಡಬಹುದರಿ. ಆದ್ರ ತಿನ್ನಸಾಂಗಿಲ್ಲ. ಸೂಜ್ಯಾಗ ಮುಚ್ಚಿ ಗಂಟಿನ್ಯಾಗ ಇಟ್ಟು, ಹೊತ್ತು ಮುಗದ ಮ್ಯಾಲ ತಗೀತಾರ."

"ತಗಿಯಾಕ ಮರೆತರ?" ಎಂದರು ಹಕೀಮರು.

"ನೀವು ಹೊತ್ತು ನೋಡ್ಕೋತ ಬಾಜೂಕ ಇರ್ರಿ."

"ಇವರು ಬಾಜೂಕ ಕುಂತರ ಡಾಕ್ಟರನ ನಾಡಿನೂ ಹಿಡೀತಾರ," ಎಂದು ಮಾಸುಮಬಿ ನಕ್ಕಳು. ನಗುವಿನ ನಡುವೆಯೇ ನೋವು ಎದ್ದು ಕೊರಳು ಹಿಡಿದುಕೊಂಡಳು.

ಹಕೀಮರು ಗಾಡಿ ಹತ್ತಿ, ಅವಳ ತಲೆಗೆ ತಮ್ಮ ಭುಜವನ್ನು ಆಸರೆ ಕೊಟ್ಟರು. ಗಾಡಿ ಹೈದರಾಬಾದಿನ ದಾರಿ ಹಿಡಿದು ಸೇಡಂ ಕಡೆಗೆ ಹೊರಟಿತು.